ಪಕ್ಕದ ಮನೆ ಕಾರಿನ ಬೀಗ ಮತ್ತು ನನ್ನ ಟ್ಯಾಂಕ್ ಪ್ರಾಜೆಕ್ಟ್

ಮೊದಲೇ ಹೇಳಿಬಿಡ್ತೀನಿ. ಎಲ್‌ಕೆಜಿಯಿಂದ ಪಿಯುಸಿವರೆಗೂ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಮನೆಯವರ ಜೊತೆ ಜಗಳ ಆಡಿದ್ದೀನಿ, ಗಲ್ಲಿ ಕ್ರಿಕೆಟ್‌ಗೆ ಕಾಮೆಂಟರಿ ಹೇಳಿದ್ದೀನಿ, ಆದರೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಅಲ್ಪಪ್ರಾಣ ಮಹಾಪ್ರಾಣ ಹೆಚ್ಚುಕಮ್ಮಿ ಆದರೆ ಸಂಪಾದಕರು ತಿದ್ದುತ್ತಾರೆ ಅನ್ನೋ ಧೈರ್ಯ. ವಿಷಯ ಮಾತ್ರ ಪೂರ್ತಿ ನನ್ನದೇ, ಯಾಕಂದ್ರೆ ಇದರಲ್ಲಿ ತಪ್ಪು ಮಾಡಿದವನೂ ನಾನೇ.

ಫಸ್ಟ್ ಇಯರ್ ಮುಗಿದ ರಜೆಯಲ್ಲಿ ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿಗೆ ಒಂದು ವಾಟರ್ ಲೆವೆಲ್ ಸೆನ್ಸರ್ ಮಾಡಿದೆ. ಮೋಟರ್ ಆನ್ ಮಾಡಿ ಮರೆಯುವುದು, ಟ್ಯಾಂಕ್ ತುಂಬಿ ನೀರು ರಸ್ತೆಗೆ ಹರಿಯುವುದು, ಅಮ್ಮ ಎಲ್ಲರಿಗೂ ಬೈಯುವುದು ನಮ್ಮ ಮನೆಯ ದಿನಚರಿ. ಮೇಲೆ ಟ್ಯಾಂಕಿನ ಹತ್ರ ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಆರ್ಡುಯಿನೊ, ಒಂದು ಪುಟ್ಟ 433 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್. ಕೆಳಗೆ ಅಡುಗೆಮನೆಯಲ್ಲಿ ರಿಸೀವರ್ ಮತ್ತು ಮೂರು ಎಲ್‌ಇಡಿ. ಆ ಟ್ರಾನ್ಸ್‌ಮಿಟರ್ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಎರಡು ಮಸಾಲೆ ದೋಸೆ ರೇಟಿಗೆ ಆನ್‌ಲೈನ್‌ನಲ್ಲಿ ಬರುತ್ತೆ.

ಮೊದಲು ಸಿಗ್ನಲ್ ಗೋಡೆ ದಾಟಿ ಬರಲಿಲ್ಲ. 5 ವೋಲ್ಟ್ ಬದಲು 12 ವೋಲ್ಟ್ ಕೊಟ್ಟೆ. 17 ಸೆಂಟಿಮೀಟರ್ ವೈರ್ ಬೆಸುಗೆ ಹಾಕಿ ಆಂಟೆನಾ ಮಾಡಿದೆ. ಬಂತು! ಟೆಸ್ಟ್ ಮಾಡುವಾಗ ಬೇಗ ಬೇಗ ರೀಡಿಂಗ್ ಬರಲಿ ಅಂತ ಕೋಡಿನಲ್ಲಿದ್ದ ಡಿಲೇ ಸಾಲನ್ನು ಕಾಮೆಂಟ್ ಮಾಡಿದ್ದೆ. ಅದನ್ನು ವಾಪಸ್ ಹಾಕೋಕೆ ಮರೆತೆ. ಡಬ್ಬಿ ಮುಚ್ಚಿ, ಮಳೆ ನೀರು ಹೋಗದಂತೆ ಸಿಲಿಕೋನ್ ಹಚ್ಚಿ, ಹಾಸ್ಟೆಲ್‌ಗೆ ಬಂದೆ. ರೆಸ್ಯೂಮೆಯಲ್ಲಿ ‘ಐಒಟಿ ಪ್ರಾಜೆಕ್ಟ್’ ಅಂತ ಒಂದು ಸಾಲೂ ಸೇರಿಸಿದೆ.

ಸ್ವಲ್ಪ ದಿನ ಕಳೆದ ಮೇಲೆ ಅಮ್ಮ ಫೋನಿನಲ್ಲಿ ಊರಿನ ಸುದ್ದಿ ಹೇಳುತ್ತಾ, ಪಕ್ಕದ ಮನೆ ಅಂಕಲ್ ಕಾರಿನ ರಿಮೋಟ್ ಕೈಕೊಟ್ಟಿದೆ ಅಂದರು. ಅಂಕಲ್ ಎರಡು ಸಲ ಬ್ಯಾಟರಿ ಬದಲಾಯಿಸಿದ್ದರು. ಗ್ಯಾರೇಜಿಗೆ ತಗೊಂಡು ಹೋದರೆ ಅಲ್ಲಿ ಸರಿಯಾಗಿ ಕೆಲಸ ಮಾಡುತ್ತೆ, ಮನೆ ಗೇಟಿನ ಹತ್ರ ಬಂದರೆ ಮಾಡಲ್ಲ. ಹೊಸ ರಿಮೋಟ್ ಹಾಕಿಸಿ ಅಂತ ಮೆಕ್ಯಾನಿಕ್ ಹೇಳಿದ್ದ. ‘ಪಾಪ’ ಅಂದೆ. ನಿಜವಾಗಲೂ ಪಾಪ ಅನ್ನಿಸಿತ್ತು.

ಅದಾಗಿ ವಾರದೊಳಗೆ ಒಂದು ರಾತ್ರಿ ಎರಡೂವರೆಗೆ ಅಂಕಲ್ ಅವರ ತಾಯಿಗೆ ಉಸಿರಾಟದ ತೊಂದರೆ ಶುರುವಾಯಿತು. ಅಜ್ಜಿಯನ್ನು ಎತ್ತಿಕೊಂಡು ಬಂದು ರಿಮೋಟ್ ಒತ್ತಿದರೆ ಬಾಗಿಲು ತೆಗೆಯಲಿಲ್ಲ. ಕೀಲಿ ಹಾಕಿ ತೆಗೆದರು. ರಿಮೋಟ್ ಇಲ್ಲದೆ ಕೀಲಿಯಿಂದ ತೆಗೆದಿದ್ದಕ್ಕೆ ಕಾರಿನ ಅಲಾರಂ ಕಿರುಚೋಕೆ ಶುರುಮಾಡಿತು. ಮನೆಯವರು ಗಾಬರಿಯಾದರು, ಕಾರು ಸ್ಟಾರ್ಟ್ ಆಗಲ್ಲ ಅಂದುಕೊಂಡು ಕೆಳಗಿಳಿದರು, ಇನ್ನೊಂದು ಮನೆಯವರನ್ನು ಎಬ್ಬಿಸಿದರು. ಕೊನೆಗೆ ಯಾರೋ ‘ಇಗ್ನಿಷನ್ ತಿರುಗಿಸಿ ನೋಡಿ’ ಅಂದಾಗ ಅಲಾರಂ ನಿಂತು ಕಾರು ಹೊರಟಿತು. ಹದಿನೈದು ನಿಮಿಷ ತಡ. ಅಜ್ಜಿ ಎರಡು ದಿನದಲ್ಲಿ ಮನೆಗೆ ಬಂದರು, ಈಗ ಚೆನ್ನಾಗಿದ್ದಾರೆ. ಅದೊಂದೇ ಕಾರಣಕ್ಕೆ ಇದನ್ನು ಬರೆಯುವ ಧೈರ್ಯ ನನಗೆ ಬಂದಿದೆ.

ದಸರಾ ರಜೆಗೆ ಹೋಗುವಾಗ ಸೀನಿಯರ್ ಒಬ್ಬರ ಹತ್ರ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಕಡ ತಗೊಂಡಿದ್ದೆ. ಲ್ಯಾಪ್‌ಟಾಪಿಗೆ ಹಾಕಿ, ಎಫ್‌ಎಂ ಎಲ್ಲಾ ಕೇಳಿ, ಸುಮ್ಮನೆ 433.92ಕ್ಕೆ ಟ್ಯೂನ್ ಮಾಡಿದೆ. ಪರದೆಯ ಮೇಲೆ ಒಂದು ದಪ್ಪ ಹಳದಿ ಗೆರೆ. ಎಲ್ಲೂ ತುಂಡಾಗದೆ ಮೇಲಿನಿಂದ ಕೆಳಗೆ ಹರಿಯುತ್ತಾ ಇತ್ತು. ಐದು ನಿಮಿಷ ನೋಡಿದೆ, ನಿಲ್ಲಲಿಲ್ಲ. ಆಗ ಹೊಟ್ಟೆಯಲ್ಲಿ ಏನೋ ಆಯಿತು. ಟೆರೇಸಿಗೆ ಹೋಗಿ ನನ್ನ ಡಬ್ಬಿಯ ವೈರ್ ಕಿತ್ತೆ. ಕೆಳಗೆ ಬಂದು ನೋಡಿದರೆ ಗೆರೆ ಇರಲಿಲ್ಲ.

ಅಂಕಲ್ ಮನೆಗೆ ಹೋಗಿ ಹೇಳಿದೆ. ಗೇಟಿನ ಹತ್ರ ರಿಮೋಟ್ ಒತ್ತಿದರು, ಕಾರು ‘ಟಕ್’ ಅಂತ ತೆಗೆಯಿತು. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: ‘ಇಂಥದ್ದನ್ನೆಲ್ಲಾ ಹಾಕೋಕೆ ಯಾರದ್ದೂ ಪರ್ಮಿಷನ್ ಬೇಡ್ವೇನಪ್ಪಾ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಲೇಖನ.

ನನಗೆ ಅಮೆರಿಕದಲ್ಲೊಬ್ಬ ಅಣ್ಣ

ನನ್ನ ಹಾಗೆ ಮಾಡಿದವರು ಬೇರೆ ಯಾರಾದರೂ ಇದ್ದಾರಾ ಅಂತ ಹುಡುಕಿದರೆ ಒಬ್ಬರು ಸಿಕ್ಕರು. ಅಮೆರಿಕದ ಒಹಾಯೊ ರಾಜ್ಯದಲ್ಲಿ ನಾರ್ತ್ ಓಮ್‌ಸ್ಟೆಡ್ ಅಂತ ಒಂದು ಊರು. 2019ರ ಏಪ್ರಿಲ್ ಕೊನೆಯಲ್ಲಿ ಅಲ್ಲಿನ ಒಂದು ಬಡಾವಣೆಯಲ್ಲಿ ಇದ್ದಕ್ಕಿದ್ದಂತೆ ಕಾರಿನ ರಿಮೋಟುಗಳು, ಗ್ಯಾರೇಜ್ ಬಾಗಿಲಿನ ರಿಮೋಟುಗಳು ಕೆಲಸ ನಿಲ್ಲಿಸಿದವು. ಜನ ಬ್ಯಾಟರಿ ಬದಲಾಯಿಸಿದರು, ಕಂಪನಿಗಳ ತಂಡಗಳು ಮೀಟರ್ ಹಿಡಿದು ಓಡಾಡಿದವು. ಕೊನೆಗೆ ಮೇ ತಿಂಗಳಲ್ಲಿ ಮೂಲ ಸಿಕ್ಕಿತು. ಎಲೆಕ್ಟ್ರಾನಿಕ್ಸ್ ಹುಚ್ಚಿನ ಒಬ್ಬ ನಿವಾಸಿ, ತಾನು ಕೆಳಗೆ ಬೇಸ್‌ಮೆಂಟಿನಲ್ಲಿ ಇರುವಾಗ ಮೇಲೆ ಯಾರಾದರೂ ಓಡಾಡಿದರೆ ತಿಳಿಯಲಿ ಅಂತ ಬ್ಯಾಟರಿಯಿಂದ ನಡೆಯುವ ಒಂದು ಸಾಧನ ಮಾಡಿಕೊಂಡಿದ್ದ. ಅದು 315 ಮೆಗಾಹರ್ಟ್ಸ್‌ನಲ್ಲಿ ಬಿಡುವಿಲ್ಲದೆ ಸಿಗ್ನಲ್ ಕಳಿಸುತ್ತಿತ್ತು. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ತನ್ನಿಂದ ಹೀಗಾಗುತ್ತಿದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ.

ಯಾಕೆ 315? ಅಮೆರಿಕದಲ್ಲಿ ಕಾರಿನ ರಿಮೋಟುಗಳು ಹೆಚ್ಚಾಗಿ ಅದೇ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತವೆ. ಯುರೋಪಿನಲ್ಲಿ, ನಮ್ಮಲ್ಲಿ ಹೆಚ್ಚಾಗಿ 433.92. ನನ್ನ ಅಣ್ಣ ಅಲ್ಲಿನ ಕಾರುಗಳ ದಾರಿಗೆ ಅಡ್ಡ ನಿಂತ, ನಾನು ಇಲ್ಲಿನ ಕಾರುಗಳ ದಾರಿಗೆ.

ಎರಡು ಸಾಲಿನ ಒಪ್ಪಂದ

ಈಗ ಆ ಪರ್ಮಿಷನ್ ವಿಷಯ. ಅಮೆರಿಕದ್ದು ಮೊದಲು ಹೇಳ್ತೀನಿ, ಯಾಕಂದ್ರೆ ಅಲ್ಲಿನ ನಿಯಮ ಬಹಳ ಸರಳವಾಗಿ ಬರೆದಿದ್ದಾರೆ. ಅಲ್ಲಿ ರೇಡಿಯೊ ವಿಷಯ ನೋಡಿಕೊಳ್ಳುವುದು ಎಫ್‌ಸಿಸಿ. ಕಾರಿನ ರಿಮೋಟ್‌ನಂಥ ಸಣ್ಣ ಟ್ರಾನ್ಸ್‌ಮಿಟರ್‌ಗಳು ಅದರ ನಿಯಮಾವಳಿಯ 15ನೇ ಭಾಗಕ್ಕೆ ಬರುತ್ತವೆ. ಬಳಸುವವರಿಗೆ ಲೈಸೆನ್ಸ್ ಬೇಡ. ಆದರೆ ಮಾರುವ ಕಂಪನಿ ಮೊದಲು ಸಾಧನವನ್ನು ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಪಡೆಯಬೇಕು. ಕಾರಿನ ಮ್ಯಾನ್ಯುಯಲ್‌ನ ಕೊನೆಯಲ್ಲಿ ಯಾರೂ ಓದದ ಪುಟದಲ್ಲಿ ಎರಡು ಷರತ್ತು ಇರುತ್ತೆ. ಒಂದು: ಈ ಸಾಧನ ಬೇರೆಯವರಿಗೆ ಹಾನಿಕರ ಅಡಚಣೆ ಮಾಡಬಾರದು. ಎರಡು: ಬೇರೆಯವರಿಂದ ಬರುವ ಅಡಚಣೆಯನ್ನು, ಅದರಿಂದ ತನ್ನ ಕೆಲಸ ಕೆಟ್ಟರೂ ಸರಿ, ಸಹಿಸಿಕೊಳ್ಳಬೇಕು.

ಮೊದಲ ಸಲ ಓದಿದಾಗ ಎರಡನೇ ಷರತ್ತು ನನಗೆ ವಿಚಿತ್ರ ಅನ್ನಿಸಿತು. ದುಡ್ಡು ಕೊಟ್ಟು ಕೊಂಡಿದ್ದು, ಕೆಲಸ ಮಾಡದಿದ್ದರೂ ಸಹಿಸಿಕೋ ಅಂದರೆ ಏನರ್ಥ? ಆಮೇಲೆ ನಮ್ಮ ಹಾಸ್ಟೆಲ್ ರೂಮ್ ನೆನಪಾಯಿತು. ಮೂರು ಜನ ಒಂದೇ ರೂಮಲ್ಲಿ ಇರಬೇಕಾದರೆ ನಿಯಮ ಇಷ್ಟೇ ತಾನೇ: ನೀನು ಗಲಾಟೆ ಮಾಡಬೇಡ, ಇನ್ನೊಬ್ಬನ ಗೊರಕೆಯನ್ನು ತಡ್ಕೋ. ಯಾರಿಗೂ ಬಾಡಿಗೆ ಇಲ್ಲದ ಜಾಗದಲ್ಲಿ ಯಾರಿಗೂ ವಿಶೇಷ ಹಕ್ಕೂ ಇಲ್ಲ.

ನಮ್ಮ ದೇಶದಲ್ಲೂ ಇದೇ ಲೆಕ್ಕ. ಇಲ್ಲಿ ದೂರಸಂಪರ್ಕ ಇಲಾಖೆಯ ಕೆಳಗೆ ಡಬ್ಲ್ಯುಪಿಸಿ ಅಂತ ಒಂದು ವಿಭಾಗ ಇದೆ. ಅದು ಕೊಡೋದು ಎಕ್ವಿಪ್‌ಮೆಂಟ್ ಟೈಪ್ ಅಪ್ರೂವಲ್, ಚಿಕ್ಕದಾಗಿ ಇಟಿಎ. ಕೆಲವು ಬ್ಯಾಂಡ್‌ಗಳಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ವಿನಾಯಿತಿ ಇದೆ. ವೈಫೈ, ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್ ಅದರಲ್ಲೊಂದು. ಮುಂದಿನ ಗಾಡಿ ಎಷ್ಟು ದೂರ ಇದೆ ಅಂತ ನೋಡುವ ಕಾರಿನ ರೇಡಾರ್‌ಗಾಗಿ 76ರಿಂದ 77 ಗಿಗಾಹರ್ಟ್ಸ್‌ಗೆ 2015ರಲ್ಲಿ ಈ ವಿನಾಯಿತಿ ಸಿಕ್ಕಿತು. ಆದರೆ ಲೈಸೆನ್ಸ್ ಬೇಡ ಅಂದರೆ ನಿಯಮ ಬೇಡ ಅಂತಲ್ಲ. ಶಕ್ತಿಯ ಮಿತಿ ಇದೆ, ಸಾಧನಕ್ಕೆ ಇಟಿಎ ಬೇಕು. ಜೊತೆಗೆ ಮೂರು ಷರತ್ತು: ಯಾರಿಗೂ ಅಡಚಣೆ ಮಾಡಬೇಡ, ರಕ್ಷಣೆ ಕೇಳಬೇಡ, ಹಂಚಿಕೊಂಡು ಬದುಕು. ಅದೇ ಹಾಸ್ಟೆಲ್ ರೂಮು.

ನಮ್ಮ ಹಳೆಯ ಕಾನೂನುಗಳ ವಯಸ್ಸು ನೋಡಿದರೆ ಮಜಾ ಇದೆ. ಭಾರತೀಯ ಟೆಲಿಗ್ರಾಫ್ ಕಾಯ್ದೆ 1885ರದ್ದು. ಹೈನ್‌ರಿಕ್ ಹರ್ಟ್ಸ್ ತನ್ನ ಲ್ಯಾಬಿನಲ್ಲಿ ರೇಡಿಯೊ ಅಲೆಗಳನ್ನು ತೋರಿಸಿದ್ದು 1887-88ರಲ್ಲಿ. ಅಂದರೆ ಅಲೆ ಸಿಗುವ ಮುಂಚೆ ಬರೆದ ಕಾಯ್ದೆ ಅದು. ಆಮೇಲೆ 1933ರಲ್ಲಿ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಬಂತು. ಇವೆರಡರ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ.

11 ಮೈಕ್ರೋವ್ಯಾಟ್

‘ಲೋ ಪವರ್’ ಅಂತಾರಲ್ಲ, ಎಷ್ಟು ಲೋ? ಎಫ್‌ಸಿಸಿ ನಿಯಮದ ಪ್ರಕಾರ 315 ಮೆಗಾಹರ್ಟ್ಸ್ ರಿಮೋಟಿನಿಂದ 3 ಮೀಟರ್ ದೂರದಲ್ಲಿ ಸರಾಸರಿ ಫೀಲ್ಡ್ ಸ್ಟ್ರೆಂಗ್ತ್ ಮೀಟರಿಗೆ ಸುಮಾರು 6,040 ಮೈಕ್ರೋವೋಲ್ಟ್ ದಾಟಬಾರದು. ನಾವು ಓದಿದ ಸೂತ್ರ ಹಾಕಿ: ಫೀಲ್ಡನ್ನು ದೂರದಿಂದ ಗುಣಿಸಿ, ವರ್ಗ ಮಾಡಿ, 30ರಿಂದ ಭಾಗಿಸಿ. ಸುಮಾರು 11 ಮೈಕ್ರೋವ್ಯಾಟ್ ಬರುತ್ತೆ. 100 ಮಿಲಿವ್ಯಾಟ್ ಕಳಿಸುವ ವೈಫೈ ರೂಟರ್ ಇದಕ್ಕಿಂತ ಒಂಬತ್ತು ಸಾವಿರ ಪಟ್ಟು ಜೋರು.

ಇನ್ನೊಂದು ಮಿತಿ ಸಮಯದ್ದು. ಗುಂಡಿಯಿಂದ ಬೆರಳು ತೆಗೆದ ಮೇಲೆ 5 ಸೆಕೆಂಡಿನೊಳಗೆ ಟ್ರಾನ್ಸ್‌ಮಿಟರ್ ತಾನಾಗೇ ಸುಮ್ಮನಾಗಬೇಕು. ಬ್ಯಾಂಡ್‌ವಿಡ್ತ್ ಫ್ರೀಕ್ವೆನ್ಸಿಯ ಶೇ. 0.25 ದಾಟಬಾರದು. ಯುರೋಪಿನಲ್ಲಿ 433.05ರಿಂದ 434.79 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡಿಗೆ ಇನ್ನೊಂದು ರೀತಿ ಲೆಕ್ಕ: 10 ಮಿಲಿವ್ಯಾಟ್‌ವರೆಗೂ ಹೋಗಬಹುದು, ಆದರೆ ಒಟ್ಟು ಸಮಯದಲ್ಲಿ ಶೇ. 10ಕ್ಕಿಂತ ಹೆಚ್ಚು ಹೊತ್ತು ಮಾತಾಡಬಾರದು.

ಇಲ್ಲೇ ನನಗೆ ನನ್ನ ತಪ್ಪು ಸರಿಯಾಗಿ ಅರ್ಥ ಆಗಿದ್ದು. ನನ್ನ ಮಾಡ್ಯೂಲ್ ಸಣ್ಣದು, ಹಾಗಾಗಿ ಯಾರಿಗೂ ತೊಂದರೆ ಆಗಲ್ಲ ಅಂತ ನಂಬಿದ್ದೆ. ಆದರೆ ಕಾರಿನ ರಿಸೀವರ್ ಕಾಯುತ್ತಾ ಕೂತಿರುವುದೇ ಅಷ್ಟು ಸಣ್ಣ ಪಿಸುಮಾತಿಗೆ. ಪಿಸುಮಾತು ಕೇಳಿಸಿಕೊಳ್ಳುವವನ ಕಿವಿಯ ಪಕ್ಕ ದಿನಕ್ಕೆ 86,400 ಸೆಕೆಂಡು ಹಾಡು ಹೇಳೋಕೆ ಡಿಜೆ ಸೆಟ್ ಬೇಕಾಗಿಲ್ಲ, ಮೊಬೈಲ್ ಸ್ಪೀಕರ್ ಸಾಕು. ಸರ್ಟಿಫಿಕೇಟ್ ಕೊಡುವವರು ಶಕ್ತಿಯ ಜೊತೆ ಸಮಯವನ್ನೂ ಅಳೆಯುವುದು ಇದಕ್ಕೇ. ನಾವು ಮಾತ್ರ ಪ್ರಾಜೆಕ್ಟಿನಲ್ಲಿ ರೇಂಜ್ ಎಷ್ಟು ಬಂತು ಅಂತ ಒಂದೇ ಪ್ರಶ್ನೆ ಕೇಳ್ತೀವಿ.

ಹಾಗಾಗಿ ನನ್ನ ಮೊದಲ ಅಭಿಪ್ರಾಯ: ಈ ಸರ್ಟಿಫಿಕೇಟ್ ಬರೀ ಕಾಗದದ ಕಿರಿಕಿರಿ ಅನ್ನೋರ ಮಾತನ್ನು ನಾನಿನ್ನು ಒಪ್ಪಲ್ಲ. ನಮ್ಮ ಬ್ಯಾಚಿನಲ್ಲೇ ಸ್ಟಾರ್ಟಪ್ ಕನಸಿರುವವರು ಇದನ್ನು ಲೈಸೆನ್ಸ್ ರಾಜ್ ಅಂತ ಕರೀತಾರೆ. ಟೆಸ್ಟಿಂಗ್‌ಗೆ ದುಡ್ಡು ಹೋಗುತ್ತೆ, ಸಮಯ ಹೋಗುತ್ತೆ, ನಿಜ. ಆದರೆ ಆ ಖರ್ಚನ್ನು ಕಂಪನಿ ಕೊಡದಿದ್ದರೆ ಇನ್ಯಾರೋ ಕೊಡ್ತಾರೆ. ನನ್ನ ಖರ್ಚನ್ನು ಅಂಕಲ್ ಎರಡು ಬ್ಯಾಟರಿ, ಒಂದು ಗ್ಯಾರೇಜ್ ಬಿಲ್ ಮತ್ತು ಹದಿನೈದು ನಿಮಿಷದಲ್ಲಿ ಕೊಟ್ಟರು.

ಸರ್ಟಿಫಿಕೇಟ್ ಕೇಳದ ಪ್ರಶ್ನೆ

ಆದರೆ ನನ್ನ ಎರಡನೇ ಅಭಿಪ್ರಾಯ ಇದಕ್ಕೆ ಸ್ವಲ್ಪ ಉಲ್ಟಾ. ಸರ್ಟಿಫಿಕೇಟ್ ಇದೆ ಅಂದಾಕ್ಷಣ ಸಾಧನ ಸೇಫ್ ಅಂತ ನಾವು ತಿಳ್ಕೊಂಡುಬಿಡ್ತೀವಿ. ಅದು ದೊಡ್ಡ ತಪ್ಪು.

ಟೈರಿನ ಉದಾಹರಣೆ ತಗೊಳ್ಳೋಣ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಬಿಚ್ಚಿಕೊಂಡು, ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ ಜನ ಸತ್ತರು. 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿದರು. ಅದೇ ವರ್ಷ ಸಂಸತ್ತು ಟ್ರೆಡ್ ಕಾಯ್ದೆ ಮಾಡಿತು. ಅದರ ಫಲವಾಗಿ ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ಟಿಪಿಎಂಎಸ್ 2007ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾರುವ ಎಲ್ಲಾ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲಾ ಹೊಸ ಕಾರುಗಳಿಗೆ. ನಮ್ಮಲ್ಲಿ 2020ರಲ್ಲಿ ಬಂದ ನಿಯಮದ ಪ್ರಕಾರ, ಟಿಪಿಎಂಎಸ್ ಮತ್ತು ಪಂಕ್ಚರ್ ರಿಪೇರಿ ಕಿಟ್ ಎರಡೂ ಇದ್ದರೆ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತೆ. ಅಂದರೆ ಪ್ರತಿ ಚಕ್ರದೊಳಗೂ ಒಂದು ಪುಟ್ಟ ರೇಡಿಯೊ ಸ್ಟೇಷನ್ ಕೂತಿರಬಹುದು. ಜೀವ ಉಳಿಸೋಕೆ ಬಂದ ಒಳ್ಳೆಯ ಯೋಚನೆ ಇದು.

2010ರಲ್ಲಿ ರಟ್ಗರ್ಸ್ ಮತ್ತು ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಸೆನ್ಸರ್‌ಗಳು ಏನು ಮಾತಾಡುತ್ತವೆ ಅಂತ ಕೇಳಿಸಿಕೊಂಡರು. ಪ್ರತಿ ಸೆನ್ಸರ್ ತನ್ನ ಗಾಳಿಯ ಒತ್ತಡದ ಜೊತೆ ತನ್ನ ಖಾಯಂ ಗುರುತಿನ ಸಂಖ್ಯೆಯನ್ನೂ ಕಳಿಸುತ್ತಿತ್ತು. ಎನ್‌ಕ್ರಿಪ್ಷನ್ ಇರಲಿಲ್ಲ. ಒಂದು ಸಾಧಾರಣ ಆಂಪ್ಲಿಫೈಯರ್ ಇದ್ದರೆ 40 ಮೀಟರ್ ದೂರದಿಂದ ಕೇಳಬಹುದಿತ್ತು. ರಸ್ತೆ ಬದಿಯಲ್ಲಿ ರಿಸೀವರ್ ಇಟ್ಟರೆ ಯಾವ ಕಾರು ಯಾವಾಗ ಹೋಯಿತು ಅಂತ ಬರೆದಿಟ್ಟುಕೊಳ್ಳಬಹುದು. ಇನ್ನೂ ಮಜಾ ಅಂದರೆ, ಅವರು ಸುಳ್ಳು ಸಿಗ್ನಲ್ ಕಳಿಸಿ ಓಡುತ್ತಿರುವ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಡಿಮೆ ಅನ್ನೋ ದೀಪ ಹೊತ್ತಿಸಿ ತೋರಿಸಿದರು.

ರೇಡಿಯೊ ನಿಯಮದ ದೃಷ್ಟಿಯಿಂದ ಅಂಥ ಸೆನ್ಸರ್ ಪಾಸ್. ಶಕ್ತಿ ಸರಿ, ಸಮಯ ಸರಿ, ಬ್ಯಾಂಡ್‌ವಿಡ್ತ್ ಸರಿ. ಏನು ಮಾತಾಡುತ್ತೆ ಅನ್ನೋದು ಆ ಪ್ರಶ್ನೆಪತ್ರಿಕೆಯಲ್ಲೇ ಇಲ್ಲ.

ಕೀಲೆಸ್ ಎಂಟ್ರಿ ಕಥೆ ಇನ್ನೂ ಸ್ಪಷ್ಟ. ಜೇಬಿನಲ್ಲಿ ಕೀ ಇದ್ದರೆ ಸಾಕು, ಬಾಗಿಲಿನ ಹಿಡಿ ಮುಟ್ಟಿದರೆ ತೆಗೆಯುತ್ತಲ್ಲ, ಅದು. ಕಾರು ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ‘ಹತ್ರ ಯಾರಿದ್ದೀರಾ?’ ಅಂತ ಕೇಳುತ್ತೆ. ಆ ಸಿಗ್ನಲ್ ಒಂದೆರಡು ಮೀಟರ್ ದಾಟಲ್ಲ. ಕೀ ಅದನ್ನು ಕೇಳಿಸಿಕೊಂಡು 315 ಅಥವಾ 433ರಲ್ಲಿ ‘ನಾನಿದ್ದೀನಿ’ ಅಂತ ಗುಪ್ತಲಿಪಿಯಲ್ಲಿ ಉತ್ತರ ಕೊಡುತ್ತೆ. ಕಳ್ಳರು ಲಿಪಿಯನ್ನು ಒಡೆಯಲು ಹೋಗಲ್ಲ. ಒಬ್ಬ ಕಾರಿನ ಹತ್ರ, ಇನ್ನೊಬ್ಬ ಮನೆ ಬಾಗಿಲಿನ ಹತ್ರ ಒಂದೊಂದು ಡಬ್ಬಿ ಹಿಡಿದು ನಿಲ್ತಾರೆ. ಕಾರಿನ ಪ್ರಶ್ನೆಯನ್ನು ಒಳಗೆ ಟೇಬಲ್ ಮೇಲಿರುವ ಕೀಗೆ ತಲುಪಿಸ್ತಾರೆ. ಕೀ ಪಾಪ ಪ್ರಾಮಾಣಿಕವಾಗಿ ಉತ್ತರ ಕೊಡುತ್ತೆ, ಕಾರು ತೆಗೆಯುತ್ತೆ. 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಇದನ್ನು ಪ್ರಯೋಗ ಮಾಡಿದರು. ಹತ್ತೂ ತೆಗೆದವು. ಎಲ್ಲವೂ ಶೋರೂಮಿನಲ್ಲಿ ಮಾರಾಟವಾಗುವ ಕಾರುಗಳೇ.

ಇದರಲ್ಲಿ ರೇಡಿಯೊ ಇಲಾಖೆಯ ತಪ್ಪಿಲ್ಲ. ಅವರ ಪ್ರಶ್ನೆ ಒಂದೇ: ನಿನ್ನಿಂದ ಪಕ್ಕದವನಿಗೆ ತೊಂದರೆ ಆಗುತ್ತಾ? ನಿನ್ನ ಯಜಮಾನನಿಗೆ ತೊಂದರೆ ಆಗುತ್ತಾ ಅನ್ನೋದು ಬೇರೆ ಪೇಪರ್. ಕೆಮಿಸ್ಟ್ರಿಯಲ್ಲಿ ಪಾಸಾದ ಮಾರ್ಕ್ಸ್ ಕಾರ್ಡ್ ತೋರಿಸಿ ಮ್ಯಾಥ್ಸ್ ಬರುತ್ತೆ ಅಂತ ಹೇಳೋಕಾಗಲ್ಲ. ಆದರೆ ‘ಎಲ್ಲಾ ಸರ್ಟಿಫೈಡ್ ಸರ್’ ಅಂತ ಶೋರೂಮಿನಲ್ಲಿ ಹೇಳಿದಾಗ ನಮ್ಮಪ್ಪನಂಥವರಿಗೆ ಕೇಳಿಸೋದು ಏನು? ಎಲ್ಲಾ ಪೇಪರಲ್ಲೂ ಪಾಸು ಅಂತ.

ಈ ಎರಡನೇ ಪೇಪರನ್ನು ಈಗ ತಡವಾಗಿ ಇಡ್ತಿದ್ದಾರೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಆರ್155 ಅನ್ನೋ ನಿಯಮ ವಾಹನಗಳ ಸೈಬರ್ ಭದ್ರತೆಗಾಗಿಯೇ ಇರುವುದು. ಯುರೋಪಿಯನ್ ಯೂನಿಯನ್‌ನಲ್ಲಿ 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಎಲ್ಲಾ ಹೊಸ ವಾಹನಗಳಿಗೆ ಅದು ಅನ್ವಯ. ರಿಲೇ ಕಳ್ಳತನಕ್ಕೆ ತಾಂತ್ರಿಕ ಉತ್ತರವೂ ಬಂದಿದೆ. ಅಲ್ಟ್ರಾ ವೈಡ್‌ಬ್ಯಾಂಡ್ ರೇಡಿಯೊ ಇರುವ ಕೀಗಳು ಸಿಗ್ನಲ್ ಹೋಗಿ ಬರುವ ಸಮಯವನ್ನೇ ಅಳೆಯುತ್ತವೆ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತೆ. ಎಂಥಾ ಜಾಣ ಕಳ್ಳನಾದರೂ ಅದಕ್ಕಿಂತ ಬೇಗ ಸಿಗ್ನಲ್ ಓಡಿಸೋಕಾಗಲ್ಲ.

ಸರ್ಕಾರಗಳು ಇದನ್ನು ತಪ್ಪಾಗಿ ಹಿಡಿಯುವುದೂ ಉಂಟು. ಕಾರು ಕಳ್ಳತನ ಜಾಸ್ತಿಯಾಯಿತು ಅಂತ ಕೆನಡಾ 2024ರ ಫೆಬ್ರವರಿಯಲ್ಲಿ ಫ್ಲಿಪ್ಪರ್ ಝೀರೋ ಥರದ ಸಾಧನಗಳನ್ನು ನಿಷೇಧಿಸ್ತೀವಿ ಅಂತ ಘೋಷಿಸಿತು. ಕಲಿಯುವವರು, ಭದ್ರತಾ ಸಂಶೋಧಕರು ಬಳಸುವ ಆಟಿಕೆಯಂಥ ಸಾಧನ ಅದು. ಟೀಕೆ ಬಂದ ಮೇಲೆ ಮಾರ್ಚ್‌ನಲ್ಲಿ, ಅಕ್ರಮ ಬಳಕೆ ಮಾತ್ರ ತಡೀತೀವಿ ಅಂತ ಮೆತ್ತಗಾಯಿತು. ಬೀಗ ಸರಿಯಿಲ್ಲ ಅಂದರೆ ಬೀಗ ಮಾಡಿದವರನ್ನು ಕೇಳಬೇಕು, ಬೀಗದ ಬಗ್ಗೆ ಓದುತ್ತಿರುವ ಹುಡುಗರ ಕೈಯಿಂದ ಸ್ಕ್ರೂಡ್ರೈವರ್ ಕಿತ್ಕೊಂಡರೆ ಏನು ಪ್ರಯೋಜನ?

ನಮ್ಮ ಪಾಲು

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ‘ನಾವೇನು ಮಾರ್ತೀವಾ? ಪ್ರಾಜೆಕ್ಟ್ ಅಷ್ಟೇ’ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಎಫ್‌ಸಿಸಿ ನಿಯಮದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕಲಂ ಇದೆ. ಮಾರಾಟಕ್ಕಲ್ಲದೆ, ಕಿಟ್‌ನಿಂದಲ್ಲದೆ, ಸ್ವಂತಕ್ಕೆ ಐದು ಅಥವಾ ಅದಕ್ಕಿಂತ ಕಡಿಮೆ ಮಾಡಿಕೊಂಡರೆ ಸರ್ಟಿಫಿಕೇಟ್ ಬೇಡ ಅನ್ನುತ್ತೆ ಅದು. ಮನೆಯಲ್ಲಿ ಮಾಡುವವನ ಹತ್ರ ಅಳೆಯುವ ಉಪಕರಣ ಇರಲಿಕ್ಕಿಲ್ಲ ಅಂತಲೂ ಒಪ್ಪಿಕೊಳ್ಳುತ್ತೆ. ಆದರೆ ಒಳ್ಳೆಯ ಎಂಜಿನಿಯರಿಂಗ್ ಪದ್ಧತಿ ಬಳಸಿ, ಆದಷ್ಟೂ ಮಿತಿಯೊಳಗೆ ಇರಬೇಕು ಅಂತ ನಿರೀಕ್ಷಿಸುತ್ತೆ. ಅದು ಅಮೆರಿಕದ ನಿಯಮ, ನಮಗೆ ಅನ್ವಯಿಸಲ್ಲ. ಆದರೂ ಅದನ್ನು ಓದಿದಾಗ ನನಗೆ ನಾಚಿಕೆ ಆಯಿತು. ಕಾನೂನು ನಂಬಿಕೆ ಇಟ್ಟ ಜಾಗದಲ್ಲಿ ನಾನು 12 ವೋಲ್ಟ್ ಇಟ್ಟಿದ್ದೆ.

ಹಾಗಾಗಿ ನಮ್ಮ ಮಿನಿ ಪ್ರಾಜೆಕ್ಟ್ ನಿಯಮಗಳಿಗೆ ಒಂದು ಪುಟ ಸೇರಿಸಿ ಅಂತ ನನ್ನ ಬೇಡಿಕೆ. ರೇಡಿಯೊ ಇರುವ ಪ್ರತಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದೇ ಒಂದು ಪುಟ. ಯಾವ ಬ್ಯಾಂಡು, ಎಷ್ಟು ಶಕ್ತಿ, ಒಂದು ಗಂಟೆಯಲ್ಲಿ ಎಷ್ಟು ಸೆಕೆಂಡು ಮಾತಾಡುತ್ತೆ, ಕೋಡ್ ಹ್ಯಾಂಗ್ ಆದರೆ ಟ್ರಾನ್ಸ್‌ಮಿಟರ್ ಆಫ್ ಆಗುತ್ತಾ ಇಲ್ವಾ. ಕೊನೆಯಲ್ಲಿ ಆ ಎರಡನೇ ಪೇಪರಿನ ಪ್ರಶ್ನೆ: ಇದು ಕಳಿಸುವುದನ್ನು ಬೇರೆಯವರು ಕೇಳಿದರೆ ಅಥವಾ ನಕಲು ಮಾಡಿದರೆ ಏನಾಗುತ್ತೆ? ವೈವಾದಲ್ಲಿ ಮೇಷ್ಟ್ರು ಈ ಪುಟದಿಂದ ಒಂದು ಪ್ರಶ್ನೆ ಕೇಳಿದರೆ ಸಾಕು, ಎಲ್ಲರೂ ಬರೀತಾರೆ.

ಅಳೆಯೋದು ಹೇಗೆ ಅಂತೀರಾ? ಕ್ಲಬ್ಬಿಗೆ ಒಂದು ಎಸ್‌ಡಿಆರ್ ಡಾಂಗಲ್ ಸಾಕು. ನಿಖರವಾದ ಮೈಕ್ರೋವೋಲ್ಟ್ ಸಿಗಲ್ಲ, ಆದರೆ ನಿಲ್ಲದ ಹಳದಿ ಗೆರೆ ಖಂಡಿತ ಕಾಣುತ್ತೆ. ನನಗೆ ಬೇಕಾಗಿದ್ದುದು ಅಷ್ಟೇ.

ಇನ್ನೊಂದು ಸಣ್ಣ ಕೆಲಸ ಇವತ್ತೇ ಮಾಡಬಹುದು. ಲ್ಯಾಬ್‌ಗೆ ಹೋದಾಗ ಇಎಸ್‌ಪಿ32 ಮಾಡ್ಯೂಲಿನ ಲೋಹದ ಮುಚ್ಚಳ ನೋಡಿ. ಅದರ ಮೇಲೆ ಎಫ್‌ಸಿಸಿ ಐಡಿ ಅಂತ ಒಂದು ಸಂಖ್ಯೆ ಇರುತ್ತೆ. ಆ ಸಂಖ್ಯೆ ಹಾಕಿ ಎಫ್‌ಸಿಸಿ ತಾಣದಲ್ಲಿ ಹುಡುಕಿದರೆ ಟೆಸ್ಟ್ ರಿಪೋರ್ಟ್ ಪೂರ್ತಿ ಸಿಗುತ್ತೆ: ಯಾವ ಕೋಣೆಯಲ್ಲಿ ಅಳೆದರು, ಎಷ್ಟು ಬಂತು, ಗ್ರಾಫ್ ಸಮೇತ. ಕಾರಿನ ಕೀಗಳ ರಿಪೋರ್ಟುಗಳೂ ಅಲ್ಲೇ ಇವೆ. ನಮ್ಮ ಟೆಕ್ಸ್ಟ್‌ಬುಕ್ಕಿಗಿಂತ ಚೆನ್ನಾಗಿದೆ, ಬಿಟ್ಟಿ ಬೇರೆ. ಆಮೇಲೆ ಪಕ್ಕದ ಡ್ರಾಯರಿನಲ್ಲಿರುವ 433 ಮಾಡ್ಯೂಲ್ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿ. ನನ್ನ ಹತ್ರ ಇದ್ದುದರ ಮೇಲೆ ಯಾವ ಸಂಖ್ಯೆಯೂ ಇರಲಿಲ್ಲ. ಅದರ ಜವಾಬ್ದಾರಿ ಹೊತ್ತವರು ಯಾರೂ ಇಲ್ಲ ಅಂದರೆ, ಆನ್ ಮಾಡಿದವನೇ ಹೊರಬೇಕು.

ಅಂಕಲ್ ಪ್ರಶ್ನೆಗೆ ನಾನು ಆಮೇಲೆ ಉತ್ತರ ಹೇಳಿದೆ. ಮಾರೋರಿಗೆ ಸರ್ಟಿಫಿಕೇಟ್ ಬೇಕು ಅಂಕಲ್, ನಾನು ನಿಮ್ಮನ್ನು ಕೇಳಬೇಕಿತ್ತು ಅಂದೆ. ಟ್ಯಾಂಕಿನ ಡಬ್ಬಿಯನ್ನು ಬಿಚ್ಚಿ ಮತ್ತೆ ಮಾಡಿದೆ. ಈಗ ಅದಕ್ಕೆ 5 ವೋಲ್ಟ್, ರಿಸೀವರನ್ನು ಕಿಟಕಿ ಪಕ್ಕಕ್ಕೆ ತಂದಿದ್ದೀನಿ. ಹತ್ತು ನಿಮಿಷಕ್ಕೊಮ್ಮೆ ಸೆಕೆಂಡಿನ ಹತ್ತನೇ ಒಂದು ಭಾಗ ಮಾತಾಡಿ ಸುಮ್ಮನಾಗುತ್ತೆ. ದಿನಕ್ಕೆ ಒಟ್ಟು 14.4 ಸೆಕೆಂಡು. ಟ್ಯಾಂಕ್ ತುಂಬಿದ್ದು ಹೇಳೋಕೆ ಅಷ್ಟು ಸಾಕಾಗುತ್ತೆ. ರೆಸ್ಯೂಮೆಯಲ್ಲಿದ್ದ ಆ ಸಾಲನ್ನು ಸದ್ಯಕ್ಕೆ ತೆಗೆದಿದ್ದೀನಿ.

ಊರಿಗೆ ಹೋದಾಗಲೆಲ್ಲಾ ಅಂಕಲ್ ಗೇಟಿನ ಹತ್ರ ನಿಂತು ನನ್ನ ಮುಖ ನೋಡುತ್ತಾ ರಿಮೋಟ್ ಒತ್ತುತ್ತಾರೆ. ಟಕ್ ಅನ್ನುತ್ತೆ. ಇಬ್ಬರೂ ನಗ್ತೀವಿ. ಅಜ್ಜಿಗೆ ಮಾತ್ರ ನಾನಿನ್ನೂ ಹೇಳಿಲ್ಲ. ಮುಂದಿನ ರಜೆಗೆ ಹೇಳಬೇಕು.